ಹಾಯಿದೋಣಿಯ ಸಂಸಾರ

ಘಣಸೋಲಿ: ಥಾಣೆ-ವಾಶಿ ಲೋಕಲ್‌ನಲ್ಲಿ ರಬಾಲೆ ದಾಟಿ ಘಣಸೋಲಿ ಸ್ಟೇಷನ್ನಿನಲ್ಲಿ ಇಳಿಯುವ ನಮ್ಮವರಲ್ಲಿ ಕರಾವಳಿ ಕಡೆಯವರು ಸಾಕಷ್ಟು ಮಂದಿ ಇದ್ದಾರೆ. ಊರಿನಲ್ಲಿ ಕಡಲಿನ ಮೊರೆತ ಕೇಳುತ್ತಾ ನಿದ್ದೆ ಹೋದವರು ಇಲ್ಲಿ ಐದನೇ ಮಾಳಿಗೆಯ ಫ್ಲ್ಯಾಟಿನಲ್ಲಿ ಫ್ಯಾನಿನ ಸದ್ದು ಕೇಳುತ್ತಾ ಮಲಗುತ್ತಾರೆ. ಸೆಕ್ಟರುಗಳು ಮುಗಿದು ಕಾಂಡ್ಲಾ ಗಿಡಗಳು ಆರಂಭವಾಗುವಲ್ಲಿ ಥಾಣೆ ಖಾಡಿ ಇದೆ ಎಂಬುದು ಕೂಡ ಫ್ಲೆಮಿಂಗೊ ಹಕ್ಕಿಗಳು ಬರುವ ಚಳಿಗಾಲದಲ್ಲಷ್ಟೇ ನೆನಪಾಗುತ್ತದೆ. ಆದರೆ ಗಾಂವ್‌ಠಾಣದ ಕೋಳಿ ಬಾಂಧವರಿಗೆ ಅದು ಮರೆಯುವಂಥದ್ದಲ್ಲ. ಇಳಿತದ ಹೊತ್ತಿನಲ್ಲಿ ಕೆಸರಿನ ಮೇಲೆ ಒರಗಿ ನಿಂತ ಅವರ ದೋಣಿಗಳನ್ನು ನೋಡಿದರೆ ಮಲ್ಪೆ, ಗಂಗೊಳ್ಳಿಯ ನೆನಪು ಬಾರದೆ ಇರದು.

ದೊಡ್ಡ ಹಾಯಿಮರದ ವಿಹಾರ ದೋಣಿಗಳು ಮಾತ್ರ ಘಣಸೋಲಿಗೆ ಬರುವುದಿಲ್ಲ. ನಡುವೆ ವಾಶಿ ಸೇತುವೆ ಅಡ್ಡ ನಿಂತಿದೆ, ನೀರಿನ ಆಳವೂ ಸಾಲದು. ಅವನ್ನು ನೋಡಬೇಕಾದರೆ ಗೇಟ್‌ವೇ ಆಫ್ ಇಂಡಿಯಾಕ್ಕೆ ಹೋಗಬೇಕು. ಸಂಘದ ವತಿಯಿಂದ ಎಲಿಫೆಂಟಾಕ್ಕೆ ಪಿಕ್‌ನಿಕ್ ಹೋದವರೆಲ್ಲ ಕಂಡಿರುತ್ತಾರೆ: ಲಾಂಚ್ ಹೊರಟ ಕೂಡಲೇ ಎಡಬಲದಲ್ಲಿ ಬಿಳಿ ಬಣ್ಣದ ಪುಟ್ಟ ದೋಣಿಗಳು ತೂಗುತ್ತಿರುತ್ತವೆ. ಮಕ್ಕಳು 'ಅದರಲ್ಲಿ ಫಾರಿನ್‌ಗೆ ಹೋಗಬಹುದೇ?' ಎಂದು ಕೇಳುತ್ತಾರೆ. ಹಿರಿಯರು ನಕ್ಕು ಬಿಡುತ್ತಾರೆ. ಹೋಗಬಹುದು. ಅಂಥ ದೋಣಿಯಲ್ಲಿ ಇಡೀ ಪ್ರಪಂಚವನ್ನೇ ಸುತ್ತಿ ಬಂದವರಿದ್ದಾರೆ. ಆ ಸಾಹಸದ ಮೊದಲ ಅಧ್ಯಾಯ ಬರೆದ ದೋಣಿ ಹುಟ್ಟಿದ್ದೇ ನಮ್ಮ ಮುಂಬಯಿಯಲ್ಲಿ.

ಮುಂಬಯಿಯ ಸಾಗುವಾನಿ ದೋಣಿ

ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪೆನಿಯ ಹಡಗುಗಳಲ್ಲಿ ಅಧಿಕಾರಿಯಾಗಿದ್ದ ರಾಬಿನ್ ನಾಕ್ಸ್-ಜಾನ್‌ಸ್ಟನ್ ಎಂಬ ತರುಣ 1960ರ ದಶಕದಲ್ಲಿ ಮುಂಬಯಿಯಲ್ಲಿ ಒಂದು ದೋಣಿ ಕಟ್ಟಿಸಿದರು. ಹೆಸರು ಸುಹೈಲಿ. ಉದ್ದ ಬರೇ 32 ಅಡಿ. ಸಾಗುವಾನಿ ಮರವನ್ನು ಇಲ್ಲಿನ ಬಡಗಿಗಳು ಬಾಚಿ, ಕೈಗರಗಸ ಹಿಡಿದು ಕೆತ್ತಿ ಕೂಡಿಸಿದ ದೋಣಿ ಅದು. 1968ರ ಜೂನ್ 14ರಂದು ಅವರು ಇಂಗ್ಲೆಂಡಿನ ಫಾಲ್ಮತ್‌ನಿಂದ ಒಬ್ಬರೇ ಹೊರಟು, ಎಲ್ಲೂ ದಡ ಮುಟ್ಟದೆ ಭೂಮಿಗೆ ಸುತ್ತು ಹಾಕಿ 1969ರ ಏಪ್ರಿಲ್ 22ರಂದು ಅಲ್ಲಿಗೇ ಮರಳಿದರು. ಒಂಟಿಯಾಗಿ, ನಿಲ್ಲದೆ ಪ್ರಪಂಚ ಸುತ್ತಿದವರಲ್ಲಿ ಅವರೇ ಮೊದಲಿಗರು. ಆ ಸ್ಪರ್ಧೆಗೆ ಇಳಿದವರು ಒಂಬತ್ತು ಮಂದಿ, ಮುಗಿಸಿದವರು ಇವರೊಬ್ಬರೇ.

ಅವರ ದೋಣಿ ಎಲ್ಲಕ್ಕಿಂತ ವೇಗದ್ದಾಗಿರಲಿಲ್ಲ. ಆದರೆ ಕೆಟ್ಟದ್ದನ್ನು ಕುಳಿತಲ್ಲೇ ಸರಿಮಾಡುವ ಕೈ ಅವರದಾಗಿತ್ತು. ಹೊರಟ ಕೆಲವೇ ವಾರಗಳಲ್ಲಿ ದೋಣಿಯ ತಳದ ಹಲಗೆಗಳ ಸಂದಿಯಿಂದ ನೀರು ಒಳಬರತೊಡಗಿತು. ನಡು ಅಟ್ಲಾಂಟಿಕ್‌ನಲ್ಲಿ ಅವರೇ ನೀರಿಗೆ ಧುಮುಕಿ, ಉಸಿರು ಕಟ್ಟಿ ದೋಣಿಯಡಿ ಹೋಗಿ ಸಂದಿಗೆ ಹತ್ತಿ ತುರುಕಿದರು. ಅದು ನಿಲ್ಲದಾಗ ಹತ್ತಿಯನ್ನು ಕ್ಯಾನ್ವಾಸ್ ಪಟ್ಟಿಗೆ ಹೊಲಿದು, ಟಾರು ಬಳಿದು, ಸಣ್ಣ ಮೊಳೆ ಹೊಡೆದು, ಮೇಲೆ ತಾಮ್ರದ ತಗಡು ಜಡಿದರು. ಬ್ಯಾಟರಿ ಚಾರ್ಜ್ ಮಾಡುವ ಯಂತ್ರ ಹಟ ಹಿಡಿದಾಗ ಇನ್ನೊಂದು ಪೇಚು. ಅದರೊಳಗಿನ ಎರಡು ತುಂಡುಗಳ ನಡುವಿನ ಅಂತರವನ್ನು ಇಂಚಿನ ಸಾವಿರದ ಲೆಕ್ಕದಲ್ಲಿ ಅಳೆಯಬೇಕು, ಅಳತೆಯ ಪಟ್ಟಿಯೇ ಇಲ್ಲ. ಅವರು ಪುಸ್ತಕವೊಂದರ ಹಾಳೆ ಎಣಿಸಿದರು. ಇಂಚು ದಪ್ಪಕ್ಕೆ 200 ಹಾಳೆ. ಅಂದರೆ ಒಂದು ಹಾಳೆಗೆ ಸಾವಿರದ ಐದು ಭಾಗ. ಬೇಕಾದಷ್ಟು ಹಾಳೆ ಸೇರಿಸಿ ಅಂತರ ಸರಿಪಡಿಸಿದರು. ನೋಟು ಎಣಿಸಿ ಕೈ ಪಳಗಿದ ನಮ್ಮ ಬ್ಯಾಂಕಿನವರಿಗೂ ಹೊಳೆಯದ ಉಪಾಯ! ಅವರ ರೇಡಿಯೋ ಸತ್ತ ಮೇಲೆ ನ್ಯೂಜಿಲೆಂಡ್ ದಾಟಿದ ಅವರು ಬದುಕಿದ್ದಾರೋ ಇಲ್ಲವೋ ಎಂದು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಯಾರಿಗೂ ತಿಳಿದಿರಲಿಲ್ಲ.

ಇಂದಿನ ದೋಣಿಗಳು ಫೈಬರಿನವು, ಹಲಗೆ ಸಂದಿಯ ತೊಂದರೆ ಇಲ್ಲ. ಆದರೂ ನೀರು ಒಳಬರುವ ದಾರಿಗಳಿವೆ. ಎಂಜಿನ್ ತಣಿಸುವ ನೀರಿಗೆ, ಅಡುಗೆಕೋಣೆಯ ಮೋರಿಗೆ, ಶೌಚಾಲಯಕ್ಕೆ ಎಂದು ತಳದಲ್ಲೇ ತೂತು ಕೊರೆದು ವಾಲ್ವ್ ಕೂರಿಸಿರುತ್ತಾರೆ. ನೀರಿನ ಮಟ್ಟಕ್ಕಿಂತ ಎರಡಡಿ ಕೆಳಗೆ ಎರಡಿಂಚಿನ ಒಂದು ಪೈಪ್ ಕಳಚಿಕೊಂಡರೆ ನಿಮಿಷಕ್ಕೆ ಸುಮಾರು 250 ಲೀಟರ್ ನೀರು ನುಗ್ಗುತ್ತದೆ. ಸೊಸೈಟಿಯ ಮೇಲಿನ 500 ಲೀಟರ್ ಟ್ಯಾಂಕ್ ತುಂಬಲು ಎರಡೇ ನಿಮಿಷ ಎಂದು ಲೆಕ್ಕ ಹಾಕಿಕೊಳ್ಳಿ. ಅದಕ್ಕೇ ಬಲ್ಲವರು ಪ್ರತಿ ಪೈಪಿಗೂ ಎರಡೆರಡು ಕ್ಲಿಪ್ ಬಿಗಿಯುತ್ತಾರೆ, ವಾಲ್ವ್ ಕಚ್ಚಿಕೊಳ್ಳದಂತೆ ಆಗಾಗ ತಿರುಗಿಸುತ್ತಾರೆ, ಪ್ರತಿ ವಾಲ್ವಿನ ಪಕ್ಕದಲ್ಲಿ ಅದರ ಅಳತೆಯ ಮೆದು ಮರದ ಬಿರಡೆಯೊಂದನ್ನು ದಾರದಿಂದ ಕಟ್ಟಿಟ್ಟಿರುತ್ತಾರೆ. ಹತ್ತು ರೂಪಾಯಿಯ ಮರದ ತುಂಡು ಲಕ್ಷಗಟ್ಟಲೆ ಬೆಲೆಯ ದೋಣಿಯನ್ನೂ ಅದರೊಳಗಿನ ಜೀವಗಳನ್ನೂ ಕಾಯುತ್ತದೆ.

ಚುಕ್ಕಾಣಿ ಮತ್ತು ಹಾಯಿಮರ

ನೌಕಾಪಡೆಯ ಮ್ಹಾದೇಯಿ ದೋಣಿಯ ಹೆಸರು ಕೇಳಿದವರು ಬಹಳ. ಆ ಹೆಸರು ನಮ್ಮ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿ ನದಿಯದು ಎಂಬುದು ಎಷ್ಟು ಜನರಿಗೆ ಗೊತ್ತು? ನೀರಿನ ತಕರಾರು ಅದರ ಪಾಡಿಗೆ ಇರಲಿ. ಅದೇ ನದಿ ಗೋವೆಯಲ್ಲಿ ಮಾಂಡವಿಯಾಗಿ ಹರಿಯುವಲ್ಲಿ ದಿವಾಡಿ ದ್ವೀಪವಿದೆ. ಅಲ್ಲಿನ ರತ್ನಾಕರ ದಾಂಡೇಕರರ ಕಾರ್ಖಾನೆಯಲ್ಲಿ ತಯಾರಾದ ಈ 56 ಅಡಿಯ ದೋಣಿ 2009ರಲ್ಲಿ ನೌಕಾಪಡೆಗೆ ಸೇರಿತು. ಅದೇ ವರ್ಷ ಆಗಸ್ಟ್ 19ರಂದು ದಿಲೀಪ್ ದೋಂದೆ ಅವರು ಮುಂಬಯಿಯಿಂದ ಹೊರಟು, ನಾಲ್ಕು ಬಂದರುಗಳಲ್ಲಿ ತಂಗಿ 2010ರ ಮೇ ತಿಂಗಳಿನಲ್ಲಿ ಮರಳಿದರು. ಒಂಟಿಯಾಗಿ ಪ್ರಪಂಚ ಸುತ್ತಿದ ಮೊದಲ ಭಾರತೀಯರು ಅವರು. ಅದೇ ದೋಣಿಯಲ್ಲಿ ಅಭಿಲಾಷ್ ಟೋಮಿ 2012ರ ನವೆಂಬರ್ 1ರಂದು ಮುಂಬಯಿ ಬಿಟ್ಟು, ಎಲ್ಲೂ ನಿಲ್ಲದೆ 2013ರ ಮಾರ್ಚ್ 31ರಂದು ವಾಪಸಾದರು.

ಟೋಮಿ ಅವರ ಮುಂದಿನ ಕತೆಯೇ ಪಾಠದಂತಿದೆ. 2018ರಲ್ಲಿ ಅವರು ಗೋಲ್ಡನ್ ಗ್ಲೋಬ್ ಸ್ಪರ್ಧೆಗೆ ಸುಹೈಲಿಯ ಪಡಿಯಚ್ಚಿನಂತೆ ಗೋವೆಯಲ್ಲೇ ಕಟ್ಟಿದ ತುರಿಯಾ ಎಂಬ ದೋಣಿಯಲ್ಲಿ ಹೋದರು. ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಸಿಕ್ಕಿ ದೋಣಿ ಮಗುಚಿ ಹಾಯಿಮರ ಮುರಿಯಿತು, ಅವರ ಬೆನ್ನುಮೂಳೆಗೆ ಪೆಟ್ಟು ಬಿತ್ತು. ಮೂರು ದಿನ ಅಲುಗಾಡಲಾರದೆ ಬಿದ್ದಿದ್ದ ಅವರನ್ನು ಫ್ರಾನ್ಸಿನ ಓಸಿರಿಸ್ ಎಂಬ ಹಡಗು ಬಂದು ಎತ್ತಿಕೊಂಡಿತು. ಬೇರೆಯವರಾದರೆ ಸಮುದ್ರಕ್ಕೆ ಕೈಮುಗಿದು ಬಿಡುತ್ತಿದ್ದರೇನೋ. ಅವರು 2022ರ ಸೆಪ್ಟೆಂಬರಿನಲ್ಲಿ ಮತ್ತೆ ಅದೇ ಸ್ಪರ್ಧೆಗೆ ಇಳಿದರು. ಈ ಸಲ ಬಯಾನತ್ ಎಂಬ 36 ಅಡಿಯ ಸಾಮಾನ್ಯ ಪ್ರಯಾಣದ ದೋಣಿ. ಗಾಳಿಯ ದಿಕ್ಕು ನೋಡಿ ತಾನಾಗಿ ಚುಕ್ಕಾಣಿ ತಿರುಗಿಸುವ ವಿಂಡ್‌ವೇನ್ ಎಂಬ ಸಾಧನ ದಾರಿಯಲ್ಲಿ ಮುರಿಯಿತು. ಒಂಟಿ ನಾವಿಕನಿಗೆ ಅದೇ ಎರಡನೇ ಆಳು, ಅದಿಲ್ಲದೆ ನಿದ್ದೆಯಿಲ್ಲ. ಟೋಮಿ ಶೌಚಾಲಯದ ಬಾಗಿಲಿನ ಹಲಗೆಯನ್ನೇ ಕೊಯ್ದು ಹೊಸ ಭಾಗ ಮಾಡಿ ಕೂರಿಸಿದರು. 236 ದಿನಗಳ ಬಳಿಕ 2023ರ ಏಪ್ರಿಲ್ 29ರಂದು ಎರಡನೆಯವರಾಗಿ ದಡ ಸೇರಿದರು.

ನೌಕಾಪಡೆಯ ಆರು ಮಂದಿ ಮಹಿಳಾ ಅಧಿಕಾರಿಗಳು ತಾರಿಣಿ ದೋಣಿಯಲ್ಲಿ 2017-18ರಲ್ಲಿ ಪ್ರಪಂಚ ಸುತ್ತಿದಾಗಲೂ ಕೊನೆಯ ಹಂತದಲ್ಲಿ ಕೈಕೊಟ್ಟದ್ದು ಚುಕ್ಕಾಣಿ ವ್ಯವಸ್ಥೆಯೇ. ಮಾರಿಷಸ್‌ನ ಪೋರ್ಟ್ ಲೂಯಿಗೆ ಹೋಗಿ ರಿಪೇರಿ ಮಾಡಿಸಿಕೊಂಡು 254 ದಿನಗಳ ಪ್ರವಾಸವನ್ನು 2018ರ ಮೇ 21ರಂದು ಗೋವೆಯಲ್ಲಿ ಮುಗಿಸಿದರು. ಅದೇ ತಾರಿಣಿಯಲ್ಲಿ 2024ರ ಅಕ್ಟೋಬರ್ 2ರಂದು ಹೊರಟ ದಿಲ್ನಾ ಮತ್ತು ರೂಪಾ ಎಂಬ ಇಬ್ಬರೇ ಅಧಿಕಾರಿಗಳು 2025ರ ಮೇ ಕೊನೆಗೆ ಮರಳಿದರು. ಇಬ್ಬರೇ ಇದ್ದಾಗ ಒಬ್ಬರು ನಾವಿಕ, ಇನ್ನೊಬ್ಬರು ಮೆಕ್ಯಾನಿಕ್ ಎಂದು ಹಂಚಿಕೊಳ್ಳಲು ಸಾಧ್ಯವಿಲ್ಲ. ಒಬ್ಬರು ಮಲಗಿದ್ದಾಗ ಇನ್ನೊಬ್ಬರು ಎಲ್ಲವೂ ಆಗಿರಬೇಕು.

ಹಾಯಿಮರವನ್ನು ನಿಲ್ಲಿಸಿರುವುದು ಸುತ್ತಲಿನ ಉಕ್ಕಿನ ತಂತಿಗಳು. ಒಂದು ತಂತಿಯಲ್ಲಿ ಹತ್ತೊಂಬತ್ತು ಎಳೆಗಳಿದ್ದು ಅದರಲ್ಲಿ ಒಂದೇ ಎಳೆ ತುಂಡಾದರೂ ಆ ತಂತಿಯ ಆಯುಷ್ಯ ಮುಗಿಯಿತೆಂದೇ ಅರ್ಥ. ಹೊರನೋಟಕ್ಕೆ ಫಳಫಳ ಹೊಳೆಯುತ್ತಿದ್ದರೂ ತುದಿಯ ಬಿಗಿತದ ಒಳಗೆ ಉಪ್ಪು ತಿಂದಿರುತ್ತದೆ. ಹತ್ತು ಹನ್ನೆರಡು ವರ್ಷಕ್ಕೊಮ್ಮೆ ಎಲ್ಲವನ್ನೂ ಬದಲಾಯಿಸುವುದು ರೂಢಿ. ಹಾಯಿ ಏರಿಸುವ ಹಗ್ಗ ಮೇಲಿನ ರಾಟೆಯಲ್ಲಿ ಒಂದೇ ಜಾಗದಲ್ಲಿ ಉಜ್ಜುವುದರಿಂದ ಆಗಾಗ ತುದಿಯನ್ನು ಗೇಣುದ್ದ ಕತ್ತರಿಸಿ, ಉಜ್ಜುವ ಜಾಗ ಬದಲಾಗುವಂತೆ ಮಾಡುತ್ತಾರೆ. ಹಾಯಿಗೆ ಗಾಳಿಗಿಂತ ಬಿಸಿಲೇ ದೊಡ್ಡ ವೈರಿ, ಇಳಿಸಿದ ಕೂಡಲೇ ಹೊದಿಕೆ ಹಾಕಬೇಕು. ಇನ್ನು ಗಾಳಿ ಹೆಚ್ಚಾದಾಗ ಹಾಯಿ ಕುಗ್ಗಿಸಬೇಕೇ ಎಂಬ ಅನುಮಾನ ಮನಸ್ಸಿಗೆ ಬಂದರೆ ಆ ಗಳಿಗೆಯಲ್ಲೇ ಕುಗ್ಗಿಸಬೇಕು. ಕಾದು ನೋಡೋಣ ಎಂದವರು ಕತ್ತಲಲ್ಲಿ, ಮಳೆಯಲ್ಲಿ, ಎರಡು ಪಟ್ಟು ಗಾಳಿಯಲ್ಲಿ ಅದೇ ಕೆಲಸ ಮಾಡಬೇಕಾಗುತ್ತದೆ.

ಬ್ಯಾಟರಿಯ ಜಮಾ-ಖರ್ಚು

ದೋಣಿಯ ವಿದ್ಯುತ್ತಿನ ಲೆಕ್ಕ ಉಳಿತಾಯ ಖಾತೆಯಂತೆ. ಓವರ್‌ಡ್ರಾಫ್ಟ್ ಇಲ್ಲ. 12 ವೋಲ್ಟಿನ ವ್ಯವಸ್ಥೆಯಲ್ಲಿ ಒಂದು ದಿನದ ಖರ್ಚು ಹೀಗಿರಬಹುದು: ವಿದ್ಯುತ್ ಚಾಲಿತ ಸ್ವಯಂ ಚುಕ್ಕಾಣಿಗೆ 3 ಆಂಪಿಯರ್‌ನಂತೆ 24 ಗಂಟೆಗೆ 72, ಜಿಪಿಎಸ್ ಮತ್ತಿತರ ಉಪಕರಣಗಳಿಗೆ 24, ರೇಡಿಯೋಗೆ 12, ರಾತ್ರಿಯ ದೀಪಗಳಿಗೆ 10. ಒಟ್ಟು 118 ಆಂಪಿಯರ್-ಅವರ್. ಫ್ರಿಜ್ ಇಟ್ಟರೆ ಇನ್ನೂ 40-50 ಸೇರಿಸಿ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡುತ್ತಾ ಹೋದರೆ ಅದು ಬೇಗ ಸಾಯುತ್ತದೆ. ಆದ್ದರಿಂದ ಫ್ರಿಜ್ಜಿಲ್ಲದೆಯೇ 240ರ ಬ್ಯಾಟರಿ ಬೇಕಾಯಿತು. ಈಗಿನ ಲಿಥಿಯಂ ಬ್ಯಾಟರಿಯಲ್ಲಿ ಶೇಕಡಾ 80ರವರೆಗೆ ಬಳಸಬಹುದು, ಬೆಲೆ ಮಾತ್ರ ಕೈಸುಡುತ್ತದೆ.

ಜಮಾ ಎಲ್ಲಿಂದ? 100 ವಾಟಿನ ಒಂದು ಸೋಲಾರ್ ಫಲಕ ನಮ್ಮ ಬಿಸಿಲಿನಲ್ಲಿ ದಿನಕ್ಕೆ 30ರಷ್ಟು ತುಂಬುತ್ತದೆ, ಹಾಯಿಯ ನೆರಳು ಬಿದ್ದರೆ ಅದೂ ಇಲ್ಲ. ಅಂದರೆ ನಾಲ್ಕು ಫಲಕ ಬೇಕು, ಮೋಡ ಕವಿದ ದಿನಕ್ಕೆ ಎಂಜಿನ್ ಓಡಿಸಬೇಕು. ಎಂಜಿನ್ ಚಾಲೂ ಮಾಡುವ ಬ್ಯಾಟರಿಯನ್ನು ಬೇರೆಯೇ ಇಟ್ಟು, ಉಳಿದ ಖರ್ಚಿಗೆ ಅದನ್ನು ಮುಟ್ಟದಿರುವುದು ಮೊದಲ ನಿಯಮ. ಮಗಳ ಮದುವೆಗೆಂದು ಇಟ್ಟ ಫಿಕ್ಸೆಡ್ ಡಿಪಾಸಿಟ್ ಅದು.

ಎಂಜಿನ್ ಸಾಮಾನ್ಯವಾಗಿ 20-30 ಕುದುರೆಶಕ್ತಿಯ ಸಣ್ಣ ಡೀಸೆಲ್. ಬಂದರಿನ ಒಳಹೊರಗೆ, ಗಾಳಿ ಬಿದ್ದಾಗ ಮಾತ್ರ ಅದರ ಕೆಲಸ. ಅದನ್ನು ತಣಿಸಲು ಸಮುದ್ರದ ನೀರನ್ನು ಎಳೆಯುವುದು ಅಂಗೈಯಗಲದ ಒಂದು ರಬ್ಬರ್ ಚಕ್ರ. ಚಾಲೂ ಮಾಡಿದ ಕೂಡಲೇ ಹಿಂಬದಿಗೆ ಬಗ್ಗಿ ಹೊಗೆಯೊಂದಿಗೆ ನೀರು ಬರುತ್ತಿದೆಯೇ ಎಂದು ನೋಡಬೇಕು. ಬರದಿದ್ದರೆ ತಕ್ಷಣ ನಿಲ್ಲಿಸಬೇಕು. ನಮ್ಮ ಖಾಡಿಯಲ್ಲಂತೂ ಒಂದು ಪ್ಲಾಸ್ಟಿಕ್ ಚೀಲ ಸಾಕು, ನೀರಿನ ಬಾಯಿ ಮುಚ್ಚಲು. ಡೀಸೆಲಿನಲ್ಲಿ ನೀರು ಸೇರಿದರೆ ಅದರಲ್ಲಿ ಪಾಚಿಯಂತಹ ಸೂಕ್ಷ್ಮಜೀವಿಗಳು ಬೆಳೆದು ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಶಾಂತ ಸಮುದ್ರದಲ್ಲಿ ಟ್ಯಾಂಕಿನ ತಳದಲ್ಲಿ ತೆಪ್ಪಗಿದ್ದ ಕೊಳೆ ಅಲೆ ಎದ್ದಾಗಲೇ ಕದಡುವುದು. ಹೀಗಾಗಿ ಎಂಜಿನ್ ನಿಲ್ಲುವುದು ಸರಿಯಾಗಿ ಅದು ಬೇಕಾದ ಹೊತ್ತಿಗೆ. ಟ್ಯಾಂಕ್ ತುಂಬಿಸಿಡುವುದು, ಫಿಲ್ಟರಿನ ಬಟ್ಟಲಿನಿಂದ ನೀರು ಬಸಿಯುವುದು, ಪೈಪಿನಲ್ಲಿ ಸೇರಿದ ಗಾಳಿ ಬಿಡಿಸುವುದು, ಇಷ್ಟು ಕಲಿತವನಿಗೆ ಅರ್ಧ ಡೀಸೆಲ್ ಮೆಕ್ಯಾನಿಕ್ ಪದವಿ ಸಿಕ್ಕಂತೆ.

ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ಎಂದರೂ ಇಬ್ಬರಿಗೆ 20 ದಿನಕ್ಕೆ 160 ಲೀಟರ್ ಬೇಕು. ಎಲ್ಲವನ್ನೂ ಒಂದೇ ಟ್ಯಾಂಕಿನಲ್ಲಿ ಇಡಬಾರದು, ಒಂದು ಕೆಟ್ಟರೆ ಇನ್ನೊಂದಿರಬೇಕು. ಉಪ್ಪುನೀರನ್ನು ಸಿಹಿ ಮಾಡುವ ಯಂತ್ರವೂ ಬಂದಿದೆ. ಮನೆಯ ಆರ್‌ಒ ಫಿಲ್ಟರಿನ ಅಣ್ಣನೇ ಅದು, ಒತ್ತಡ ಮಾತ್ರ ಹತ್ತಾರು ಪಟ್ಟು. ಬಂದರಿನ ಎಣ್ಣೆ ತೇಲುವ ನೀರಿನಲ್ಲಿ ಅದನ್ನು ಓಡಿಸಿದರೆ ಒಳಗಿನ ಪೊರೆ ಹಾಳಾಗುತ್ತದೆ. ಅಡುಗೆ ಗ್ಯಾಸಿನ ವಿಷಯ ಗೃಹಿಣಿಯರಿಗೆ ಹೇಳಬೇಕಾಗಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲು ತೆರೆದು ಹೊರಹಾಕಬಹುದು. ದೋಣಿಯಲ್ಲಿ ಅದು ತಳಕ್ಕಿಳಿದು ಕಿಡಿಗಾಗಿ ಕಾಯುತ್ತದೆ. ಆದ್ದರಿಂದ ಸಿಲಿಂಡರಿಗೆ ಹೊರಗಡೆಯೇ ಪ್ರತ್ಯೇಕ ಪೆಟ್ಟಿಗೆ, ಅದರ ತಳದಿಂದ ಸಮುದ್ರಕ್ಕೆ ತೂತು.

ಲಂಗರಿನಲ್ಲೂ ಲೆಕ್ಕವೇ. ಮುಂಬಯಿ ಬಂದರಿನಲ್ಲಿ ದೊಡ್ಡ ಉಬ್ಬರಕ್ಕೂ ಇಳಿತಕ್ಕೂ 4 ಮೀಟರಿಗಿಂತ ಹೆಚ್ಚು ಅಂತರ. ಇಳಿತದಲ್ಲಿ 3 ಮೀಟರ್ ಆಳ ಕಂಡು ಅದಕ್ಕೆ ತಕ್ಕಷ್ಟೇ ಸರಪಳಿ ಬಿಟ್ಟವರು ಆರು ಗಂಟೆಗಳ ಬಳಿಕ ಎಚ್ಚರಾದಾಗ ಬೇರೆಲ್ಲೋ ಇರುತ್ತಾರೆ. ಆಳ 3, ಉಬ್ಬರ 4, ದೋಣಿಯ ಮೂತಿಯ ಎತ್ತರ 1, ಒಟ್ಟು 8. ಅದರ ಐದು ಪಟ್ಟು, 40 ಮೀಟರ್ ಸರಪಳಿ ಬಿಡಬೇಕು.

ಕರೆ ಯಾರಿಗೆ ಕೇಳುತ್ತದೆ?

ಇದೆಲ್ಲ ಶ್ರೀಮಂತರ ಶೋಕಿ ಎಂದು ಪುಟ ತಿರುಗಿಸುವವರು ಒಂದು ನಿಮಿಷ ತಾಳಬೇಕು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮಂದಿ ಮೀನುಗಾರರೊಂದಿಗೆ ಕಣ್ಮರೆಯಾದುದನ್ನು ನಮ್ಮವರು ಯಾರೂ ಮರೆತಿಲ್ಲ. ಉಡುಪಿ ಮತ್ತು ಉತ್ತರ ಕನ್ನಡದ ಮನೆಗಳು ತಿಂಗಳುಗಟ್ಟಲೆ ಕಾದವು. ಮಾಲ್ವಣದ ಆಚೆ ಸಮುದ್ರದ ತಳದಲ್ಲಿ ಬೋಟಿನ ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಿನಲ್ಲಿ. ಮುಳುಗಡೆಯ ಕಾರಣದ ಬಗ್ಗೆ ವಾದವಿವಾದ ಬಹಳ ನಡೆಯಿತು. ಅಷ್ಟು ತಿಂಗಳು ಬೋಟು ಎಲ್ಲಿದೆ ಎಂದೇ ತಿಳಿಯಲಿಲ್ಲವಲ್ಲ, ಅದು ಎಲ್ಲಕ್ಕಿಂತ ಹೆಚ್ಚು ಕಾಡುವ ವಿಚಾರ. 2024ರ ಡಿಸೆಂಬರ್ 18ರಂದು ಎಲಿಫೆಂಟಾಕ್ಕೆ ಹೊರಟಿದ್ದ ನೀಲ್‌ಕಮಲ್ ಲಾಂಚಿಗೆ ಎಂಜಿನ್ ಪರೀಕ್ಷೆಯಲ್ಲಿದ್ದ ನೌಕಾಪಡೆಯ ವೇಗದೋಣಿ ನಿಯಂತ್ರಣ ತಪ್ಪಿ ಬಡಿದು 15 ಮಂದಿ ಅಸುನೀಗಿದರು. ನಮ್ಮ ಸಂಘಗಳು ಪಿಕ್‌ನಿಕ್ ಹೋಗುವ ದಾರಿಯದು.

ಮುಳುಗುವಾಗ ತಾನಾಗಿ ಸಂಕೇತ ಕಳಿಸುವ ಪೆಟ್ಟಿಗೆಯೊಂದಿದೆ, ಇಪಿರ್ಬ್ ಎನ್ನುತ್ತಾರೆ. ಅದರ 406 ಮೆಗಾಹರ್ಟ್ಸ್ ಸಂಕೇತವನ್ನು ಉಪಗ್ರಹ ಹಿಡಿಯುತ್ತದೆ. ಭಾರತದಲ್ಲಿ ಅದನ್ನು ಸ್ವೀಕರಿಸಿ ಕರಾವಳಿ ಕಾವಲು ಪಡೆಯ ರಕ್ಷಣಾ ಕೇಂದ್ರಗಳಿಗೆ ತಿಳಿಸುವ ಇಸ್ರೋ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲಿ! ದಡದ ಸಮೀಪದಲ್ಲಾದರೆ ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್, ಫೋನ್ ಸಿಗುವಲ್ಲಿ ಕಾವಲು ಪಡೆಯ 1554. ಇವೆಲ್ಲ ಕೆಲಸ ಮಾಡುವುದು ಬ್ಯಾಟರಿ ಜೀವಂತವಾಗಿದ್ದರೆ ಮಾತ್ರ. ಇಪಿರ್ಬ್‌ನ ಬ್ಯಾಟರಿಗೂ ಅವಧಿ ಮುಗಿಯುವ ದಿನಾಂಕವಿದೆ, ಔಷಧಿ ಬಾಟಲಿಯಂತೆ ಅದನ್ನು ಓದಿ ನೋಡಬೇಕು. ಪಿಕ್‌ನಿಕ್ ಲಾಂಚು ಏರುವ ನಮ್ಮವರಿಗೆ ಅಷ್ಟೊಂದು ಜವಾಬ್ದಾರಿ ಇಲ್ಲ. ಲೈಫ್ ಜಾಕೆಟ್ ತೊಟ್ಟು ಬಕಲ್ ಹಾಕಿಕೊಳ್ಳಬೇಕು. ಫೋಟೋಗೆ ಚಂದ ಕಾಣುವುದಿಲ್ಲವೆಂದು ಬಿಚ್ಚಿ ಕುಳಿತುಕೊಳ್ಳುವ ತಾಯಂದಿರನ್ನೂ ಯುವಕರನ್ನೂ ಸಂಘದ ಪದಾಧಿಕಾರಿಗಳು ಎರಡು ಮಾತು ಬೈದರೂ ತಪ್ಪಿಲ್ಲ.

ಹಾಯಿ ಕಲಿಯುವ ಆಸೆಯಿರುವ ಮಕ್ಕಳಿಗೆ ಕಾಲೇಜಿನ ಎನ್‌ಸಿಸಿ ನೌಕಾ ವಿಭಾಗ, ಸೀ ಕೆಡೆಟ್ ಕೋರ್‌ನಂತಹ ದಾರಿಗಳಿವೆ, ಕೈಯಲ್ಲಿ ಹಣವಿದ್ದವರಿಗೆ ಮುಂಬಯಿಯ ಸೇಲಿಂಗ್ ಕ್ಲಬ್ಬುಗಳಿವೆ. ಕಲಿಯುವ ಕಾಲ ಅಕ್ಟೋಬರಿನಿಂದ ಮೇ ತನಕ. ಮಳೆಗಾಲಕ್ಕೆ ಮುಂಚೆ ಗೇಟ್‌ವೇ ಎದುರಿನ ವಿಹಾರ ದೋಣಿಗಳು ಜಾಗ ಖಾಲಿ ಮಾಡುತ್ತವೆ, ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೂ ನಿಷೇಧ. ದೋಣಿಯ ಹೊಟ್ಟೆಯನ್ನು ಕಣ್ಣಾರೆ ನೋಡುವುದು ಆಗಲೇ. ಅಂಟಿದ ಚಿಪ್ಪುಹುಳುಗಳನ್ನು ಹೆರೆದು, ತಾಮ್ರ ಬೆರೆತ ಬಣ್ಣ ಬಳಿದು, ಎಂಜಿನ್ನಿನ ಪಂಕದ ಬಳಿ ಕೂರಿಸಿದ ಸತುವಿನ ತುಂಡನ್ನು ಬದಲಾಯಿಸುತ್ತಾರೆ. ಉಪ್ಪುನೀರು ಮೊದಲು ಸತುವನ್ನು ತಿನ್ನುತ್ತದೆ, ಅದಿರುವ ತನಕ ಪಂಕಕ್ಕೆ ಭಯವಿಲ್ಲ. ನಮ್ಮ ಊರಿನ ಅಜ್ಜಂದಿರು ಮರದ ದೋಣಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದುದೂ ಇದೇ ಕಾಳಜಿಯಿಂದ.

ಘಣಸೋಲಿಯ ಖಾಡಿಯಲ್ಲಿ ದೋಣಿ ಎತ್ತಲು ಕ್ರೇನ್ ಬೇಕಾಗುವುದಿಲ್ಲ. ಉಬ್ಬರದಲ್ಲಿ ದೋಣಿಯನ್ನು ದಡದ ಹತ್ತಿರಕ್ಕೆ ತಂದು ಕಟ್ಟಿದರೆ ನೀರು ತಾನಾಗಿ ಇಳಿದು ಅದನ್ನು ಕೆಸರಿನ ಮೇಲೆ ಒರಗಿಸುತ್ತದೆ. ಒಂದು ಬದಿ ಹೆರೆದು, ತೊಳೆದು, ಬಣ್ಣ ಬಳಿದು ಮುಗಿಸಲು ಸಿಗುವುದು ಕೆಲವೇ ಗಂಟೆ. ಇನ್ನೊಂದು ಬದಿ ಮುಂದಿನ ಇಳಿತಕ್ಕೆ.